ಕುಡಿದವರ ಹಾಜರಿ

ಮೂರು ಜನಕ್ಕಿಂತ ಹೆಚ್ಚು ಮಂದಿ ಒಂದು ಕಡೆ ಸೇರಿದರೆ ಅದು ಸಭೆ, ಸಭೆಗೆ ಪೊಲೀಸರ ಪರ್ಮಿಟ್ ಬೇಕು ಎಂದು ಫಿಜಿಯ ಸರ್ಕಾರ ಕಾನೂನು ಹೊರಡಿಸಿದ ಮೇಲೆ ದೇವ್‌ರಾಜಿ ಟೀಚರ್ ಒಬ್ಬಳೇ ನಿಂತಳು. ಒಬ್ಬಳು ನಿಂತರೆ ಸಭೆಯಲ್ಲವಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಪೇಟೆಯ ಬಸ್ ಸ್ಟ್ಯಾಂಡಿನ ಗೋಡೆಗೆ ಬೆನ್ನು ಕೊಟ್ಟು, ಬಿಸ್ಕತ್ತಿನ ರಟ್ಟಿನ ಡಬ್ಬ ಕತ್ತರಿಸಿ ಮಾಡಿದ ಫಲಕ ಹಿಡಿದು ಹನ್ನೆರಡರವರೆಗೂ ನಿಲ್ಲುತ್ತಿದ್ದಳು. ಫಲಕದ ಮೇಲೆ ಎರಡೇ ಮಾತು: ಚುನಾವಣೆ ಯಾವಾಗ?

ಬೈಗುಳವಲ್ಲ, ಘೋಷಣೆಯಲ್ಲ, ಬರೀ ಪ್ರಶ್ನೆ. ಮೂವತ್ತೆರಡು ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಪ್ರಶ್ನೆ ಕೇಳಿದವಳಿಗೆ ಇನ್ನೊಂದು ಪ್ರಶ್ನೆ ಹೆಚ್ಚೇನಲ್ಲ. ಆದರೆ ಬಂದೂಕಿನ ಬಲದ ಮೇಲೆ ಕುರ್ಚಿ ಹತ್ತಿದವರಿಗೆ ಪ್ರಶ್ನೆ ಕಂಡರೆ ಮೈಯೆಲ್ಲ ಉರಿ. ಏಳನೇ ಶುಕ್ರವಾರ ಹಸಿರು ಲಾರಿ ಬಂತು. ಜನ ತುಂಬಿದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಸಿಪಾಯಿಗಳು ಅವಳನ್ನು ಅಕ್ಕಿಮೂಟೆ ಎತ್ತಿದ ಹಾಗೆ ಎತ್ತಿ ಒಳಗೆ ಹಾಕಿಕೊಂಡರು.

ಕ್ಯಾಂಪಿನ ಮೈದಾನದಲ್ಲಿ ಬೋರಲು ಮಲಗಿಸಿದರು. ಅರವತ್ತೊಂದು ವರ್ಷದ ಹೆಂಗಸಿನ ಬೆನ್ನ ಮೇಲೆ ಬೂಟುಗಾಲಲ್ಲಿ ಅತ್ತಿಂದಿತ್ತ ನಡೆದಾಡಿದರು. ಕ್ಯಾಪ್ಟನ್ ಒಬ್ಬ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು, ಪ್ರತಿ ಸಲವೂ “ಈಗ ಬೇಕಾ ಚುನಾವಣೆ? ಈಗ?” ಎಂದು ಕೇಳುತ್ತಿದ್ದ. ಕೊನೆಗೆ ತಾನೇ ಎದ್ದು ಬಂದು ಅವಳ ಬಲಗೈಯನ್ನು ಹಿಮ್ಮಡಿಯಿಂದ ಹೊಸಕಿದ. ಚಾಕ್‌ಪೀಸು ಹಿಡಿಯುವ ಎರಡು ಬೆರಳು ಆಮೇಲೆ ಮಡಚಲಿಲ್ಲ. ಸಂಜೆ ಅದೇ ಲಾರಿ ಅವಳನ್ನು ಅವಳ ಊರು ವುನಿಲೇಬಾದ ಕಬ್ಬಿನ ಗದ್ದೆಗಳ ಪಕ್ಕ, ರಸ್ತೆಯ ಅಂಚಿನಲ್ಲಿ ಇಳಿಸಿ ಹೋಯಿತು. ಅಲ್ಲಿಂದ ಎತ್ತಿಕೊಂಡು ಮನೆಗೆ ತಂದವನು ಮೈದುನ ಶಿವಚರಣ. ಗಂಡ ಸತ್ತ ಮೇಲೆ ಪಕ್ಕದ ಮನೆಯ ಈ ಮೈದುನನೇ ಅವಳಿಗೆ ಗಂಡು ದಿಕ್ಕು. ದಾರಿಯುದ್ದಕ್ಕೂ ಅವನು ಮಗುವಿನ ಹಾಗೆ ಅತ್ತಿದ್ದ.

ಮಾರನೆಯ ದಿನ ಮಿಲಿಟರಿಯ ಹೇಳಿಕೆ ಬಂತು: ಅಂಥ ಯಾವ ಹೆಂಗಸೂ ಕ್ಯಾಂಪಿಗೆ ಬಂದಿಲ್ಲ. ಪೇಪರಿನಲ್ಲಿ ಅದು ದಪ್ಪ ಅಕ್ಷರದಲ್ಲಿತ್ತು. ದೇವ್‌ರಾಜಿ ಹೇಳಿದ್ದು ಅಚ್ಚಾಗಲಿಲ್ಲ. ಪೇಪರ್ ಆಫೀಸಿನಲ್ಲಿ ಸೆನ್ಸಾರಿನವನು ಕೂತಿದ್ದ ಕಾಲ, ಅವಳ ಮಾತಿದ್ದ ಜಾಗ ಬಿಳಿಯಾಗಿಯೇ ಉಳಿದಿತ್ತು. ಆ ಬಿಳಿ ಚೌಕವನ್ನು ಅವಳು ಕತ್ತರಿಸಿ ತೆಗೆದಿಟ್ಟುಕೊಂಡಳು.

ಜಿಲ್ಲೆಯಲ್ಲಿ ಏಟು ತಿಂದವಳು ಅವಳೊಬ್ಬಳೇ ಅಲ್ಲ. ದೂರು ಕೊಟ್ಟವಳು ಮಾತ್ರ ಅವಳೊಬ್ಬಳೇ. ಉಳಿದವರು ಬೆನ್ನಿಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಕೇಳಿದವರಿಗೆ “ಕಬ್ಬಿನ ಲಾರಿಯಿಂದ ಬಿದ್ದೆ” ಎಂದು ಹೇಳಿಕೊಂಡು ಸುಮ್ಮನಾದರು. ಇವಳು ಸುಮ್ಮನಾಗಲಿಲ್ಲ. ಲಟೋಕಾ ಪಟ್ಟಣದ ವಕೀಲೆ ಅಸೇನದಾ ಕೇಸು ಹಿಡಿದಳು. ಎರಡು ತಿಂಗಳು ಅಲೆದಾಡಿಸಿ ಕೊನೆಗೂ ಸೋಮವಾರಕ್ಕೆ ತಾರೀಕು ಸಿಕ್ಕಿತ್ತು.

“ಟೀಚರ್, ಒಬ್ಬ ಸಾಕ್ಷಿ ಸಾಕು,” ಎಂದಿದ್ದಳು ಅಸೇನದಾ. “ಲಾರಿಗೆ ಹತ್ತಿಸಿದ್ದು ನೋಡಿದೆ ಅಂತ ಒಬ್ಬನೇ ಒಬ್ಬ ಹೇಳ್ಲಿ. ಕೇಸು ನಿಂತ್ಕೊಳ್ಳುತ್ತೆ. ಆ ಕ್ಯಾಪ್ಟನ್ ಹೆಸರು ಒಂದ್ಸಲ ಕೋರ್ಟಿನ ಕಾಗದಕ್ಕೆ ಬಿದ್ರೆ, ಅಳಿಸೋದು ಅವರಪ್ಪನ ಕೈಲೂ ಆಗಲ್ಲ.”

ಒಬ್ಬನೇ ಒಬ್ಬ. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಇನ್ನೂರು ಜನ ಇದ್ದರು.

ಶನಿವಾರ ಬೆಳಿಗ್ಗೆ ದೇವ್‌ರಾಜಿ ಹುರಿದ ಬಟಾಣಿ ಮಾರುವ ಮುನ್‌ಸಾಮಿಯ ಗಾಡಿಯ ಮುಂದೆ ಹೋಗಿ ನಿಂತಳು. ವುನಿಲೇಬಾದವನೇ, ಅವನ ಮೂರು ಮಕ್ಕಳಿಗೂ ಅಕ್ಷರ ತಿದ್ದಿಸಿದವಳು ಇವಳೇ. ಅವಳನ್ನು ಕಂಡ ಕೂಡಲೇ ಅವನು ಬಾಣಲೆಯ ಬಟಾಣಿಯನ್ನು ಜೋರಾಗಿ ಮಗುಚತೊಡಗಿದ.

“ಮುನ್‌ಸಾಮಿ, ಅವತ್ತು ನಿನ್ನ ಗಾಡಿ ನನ್ನಿಂದ ಎರಡು ಮಾರು ದೂರದಲ್ಲಿತ್ತು.”

“ಇತ್ತು ಟೀಚರ್.”

“ನನ್ನ ಎತ್ತಿ ಹಾಕಿದ್ದು ನೋಡಿದೆ.”

“ಬಟಾಣಿ ಹುರೀತಿದ್ದೆ ಟೀಚರ್. ಹೊಗೆ ಕಣ್ಣಿಗೆ ಬರ್ತಿತ್ತು.”

“ನನ್ನ ಒಂದು ಚಪ್ಪಲಿ ಅಲ್ಲೇ ಬಿದ್ದಿತ್ತು. ಎತ್ತಿಟ್ಟು ಆಮೇಲೆ ಮನೆಗೆ ತಂದುಕೊಟ್ಟೋನು ಯಾರು?”

ಮುನ್‌ಸಾಮಿ ಸೌಟು ನಿಲ್ಲಿಸಿದ. “ಚಪ್ಪಲಿ ಕಂಡಿತ್ತು ಟೀಚರ್.”

“ಚಪ್ಪಲಿ ಕಂಡ ಕಣ್ಣಿಗೆ ಅದರೊಳಗಿನ ಕಾಲು ಕಾಣಲಿಲ್ಲ?”

ಅವನು ಸುತ್ತ ನೋಡಿ ದನಿ ತಗ್ಗಿಸಿದ. “ಎಂಬತ್ತೇಳರಲ್ಲಿ ಮಿಲಿಟರಿ ದಂಗೆ ಆದಾಗ ನನ್ನ ಗಾಡಿ ಸುಟ್ರು. ಎರಡು ಸಾವಿರದಲ್ಲಿ ಮನೆ ಮೇಲೆ ಕಲ್ಲು ಬಿತ್ತು. ಈ ಸಲದೋರು ನಮ್ಮ ಇಂಡಿಯಾ ಮೂಲದೋರ ತಂಟೆಗೆ ಬಂದಿಲ್ಲ ಟೀಚರ್. ರೋಡು ಹಾಕಿಸ್ತಾವ್ರೆ. ನಮ್ಮ ಪರವಾಗೇ ಅವ್ರೆ ಅಂತಾರೆ ಜನ.”

“ನಮ್ಮ ತಂಟೆಗೆ ಬಂದಿಲ್ಲ ಅಂದ್ರೆ? ನಾನು ಯಾರು ಮತ್ತೆ?”

“ನೀವು ಬೋರ್ಡು ಹಿಡಿದಿದ್ರಿ,” ಎಂದ ಮುನ್‌ಸಾಮಿ. ಅದರಲ್ಲಿ ಎಲ್ಲವೂ ಬಂತು ಎಂಬಂತೆ ಮತ್ತೆ ಸೌಟು ಹಿಡಿದ. “ಸೋಮವಾರ ಬೇಡ ಟೀಚರ್. ಮುಂದಿನ ಸಲ ನೋಡುವ. ಮಲುವಾ, ಟೀಚರ್, ಮಲುವಾ.”

ಮಲುವಾ ಅಂದರೆ ಆಮೇಲೆ, ನಿಧಾನಕ್ಕೆ, ಅವಸರವೇನಿದೆ ಎಂದು. ಫಿಜಿಯಲ್ಲಿ ಹುಟ್ಟಿದ ಮಗು ಅಮ್ಮಾ ಎನ್ನುವ ಮುಂಚೆ ಈ ಮಾತು ಕಲಿಯುತ್ತದೆ. ಬಸ್ಸು ಮಲುವಾ, ಆಸ್ಪತ್ರೆಯ ಔಷಧಿ ಮಲುವಾ, ಚುನಾವಣೆಯಂತೂ ಮಲುವಾದ ಅಪ್ಪ. ಸಮುದ್ರದ ಗಾಳಿ ಕುಡಿದುಕೊಂಡು ಹೀಗೆ ಹೇಳಿದಾಗ ಬಲು ಚೆಂದ ಕೇಳುವ ಮಾತು. ಆದರೆ ಬೂಟುಗಾಲಿನವರು ಮಾತ್ರ ಯಾವತ್ತೂ ಮಲುವಾ ಎನ್ನುವುದಿಲ್ಲ ಎಂಬುದು ಯಾಕೆ ಇವರಿಗೆ ಹೊಳೆಯುವುದಿಲ್ಲ ಎಂದು ದೇವ್‌ರಾಜಿಗೆ ಅವನ ಬಾಣಲೆಯನ್ನೇ ಎತ್ತಿ ಕುಕ್ಕಬೇಕೆನಿಸಿತು. ಕುಕ್ಕಲಿಲ್ಲ. ಬಿಸಿಲಲ್ಲಿ ಇನ್ನೂ ನಾಲ್ಕು ಬಾಗಿಲು ತಟ್ಟಿದಳು. ಒಬ್ಬನ ಮಗ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದ್ದ, ಒಬ್ಬಳ ಗಂಡನಿಗೆ ಹೃದಯದ ಕಾಯಿಲೆ, ಒಬ್ಬ ಮನೆಯಲ್ಲಿದ್ದೂ ಇಲ್ಲ ಎನ್ನಿಸಿದ, ಇನ್ನೊಬ್ಬ ಅವಳಿಗೇ ಬುದ್ಧಿ ಹೇಳಿದ. ಮಧ್ಯಾಹ್ನ ಎರಡರ ಬಸ್ಸು ಮೂರಕ್ಕೆ ಬಂತು. ಬರಿಗೈಯಲ್ಲಿ ಊರಿಗೆ ಬಂದಿಳಿದಳು.

ಶಿವಚರಣನ ಮನೆಯ ಪಕ್ಕದ ತಗಡಿನ ಚಪ್ಪರದಲ್ಲಿ ನಂಗೋನದ ಕೂಟ ನಡೆದಿತ್ತು. ಅದೇನು ಹೊಸದಲ್ಲ. ಕಬ್ಬಿನ ಕೆಲಸ ಮುಗಿದ ಗಂಡಸರು ಚಾಪೆ ಹಾಸಿಕೊಂಡು, ಪ್ಲಾಸ್ಟಿಕ್ ಬೇಸಿನ್ನಿನ ಸುತ್ತ ಕೂತು, ಕುಟ್ಟಿದ ಬೇರನ್ನು ಬಟ್ಟೆಯಲ್ಲಿ ಕಿವುಚಿ ಸೋಸಿದ ಆ ಮಣ್ಣುಬಣ್ಣದ ನೀರನ್ನು ತೆಂಗಿನ ಚಿಪ್ಪಿನಲ್ಲಿ ಸರದಿಯ ಮೇಲೆ ಕುಡಿಯುವುದು. ಚಿಪ್ಪು ಹಿಡಿಯುವ ಮುಂಚೆ ಒಂದು ಚಪ್ಪಾಳೆ, ಖಾಲಿ ಮಾಡಿದ ಮೇಲೆ ಮೂರು. ಮೊದಲು ನಾಲಿಗೆ ಜುಮ್ಮೆನ್ನುತ್ತದೆ, ಆಮೇಲೆ ಮರಗಟ್ಟುತ್ತದೆ. ಯಾರಾದರೂ ಒಂದು ಭಾರದ ಮಾತು ಎತ್ತಿದರೆ ಇನ್ನೊಬ್ಬ “ತಾಕಿ!” ಎನ್ನುತ್ತಾನೆ. ಇನ್ನೊಂದು ಸುತ್ತು ಬರಲಿ ಎಂದರ್ಥ. ಸುತ್ತು ಬರುತ್ತದೆ, ಮಾತು ಹೋಗುತ್ತದೆ. ಇಪ್ಪತ್ತು ಜನ ದಿನಾ ಸೇರುತ್ತಿದ್ದರೂ ಯಾವ ಪೊಲೀಸೂ ಬಂದು ಪರ್ಮಿಟ್ ಎಲ್ಲಿ ಎಂದು ಕೇಳಲಿಲ್ಲ. ಏನೂ ಮಾತಾಡದ ಇಪ್ಪತ್ತು ಜನಕ್ಕೆ ಸರ್ಕಾರ ಯಾಕೆ ಹೆದರಬೇಕು?

ಇವತ್ತು ಎಣಿಕೆಗಿಂತ ಒಬ್ಬ ಹೆಚ್ಚೇ ಇದ್ದ. ಹನ್ನೆರಡಕ್ಕೆ ಗಾಡಿ ಮುಚ್ಚಿ, ಯಾರದ್ದೋ ವ್ಯಾನು ಹತ್ತಿ ಅವಳಿಗಿಂತ ಮೊದಲೇ ಬಂದು ಸೇರಿದ್ದ ಮುನ್‌ಸಾಮಿ ಬಟಾಣಿ ಪೊಟ್ಟಣ ಮುಂದಿಟ್ಟುಕೊಂಡು ಮೂಲೆಯಲ್ಲಿದ್ದ. ಅವಳನ್ನು ನೋಡಿ ಚಿಪ್ಪಿನೊಳಗೆ ಮುಖ ಮುಚ್ಚಿಕೊಂಡ.

“ಅತ್ತಿಗೆ ಬಂದ್ರು, ಜಾಗ ಬಿಡ್ರೋ!” ಶಿವಚರಣ ಉತ್ಸಾಹದಿಂದ ಕೂಗಿದ. “ನಮ್ಮತ್ತಿಗೆಗೆ ಹೈ ಟೈಡ್ ಕೊಡಿ, ಅಂಚು ತುಂಬಾ. ಬೆನ್ನು ನೋವು ಒಂದೇ ಗುಟುಕಿಗೆ ಓಡಿಹೋಗ್ಬೇಕು.”

ಘಮ ಅವಳ ಮೂಗಿಗೆ ಬಡಿಯಿತು. ಇದು ಶಿವಚರಣ ಕೊಳ್ಳುವ ಅಂಗಡಿಯ ಕಲಬೆರಕೆ ಪುಡಿಯಲ್ಲ. ಬೇಸಿನ್ನಿನ ಪಕ್ಕದಲ್ಲಿ ಬಿಚ್ಚಿದ ಕಟ್ಟೊಂದು ಬಿದ್ದಿತ್ತು. ತೋಳುದ್ದದ, ಮಣ್ಣು ತೊಳೆದು ಒಣಗಿಸಿದ ಒಳ್ಳೆಯ ಬೇರು.

“ಇದನ್ನ ಯಾರು ತಂದ್ರು ಚರಣ?”

“ನವಾಲೇಕಾ ಹಳ್ಳಿಯೋರು. ನಾಲ್ಕು ಜನ. ಇಸ್ತ್ರಿ ಮಾಡಿದ ಸುಲು ಪಂಚೆ ಉಟ್ಕೊಂಡು, ಏನು ಮರ್ಯಾದೆ, ಏನು ಕತೆ! ಕಡಾವು ದ್ವೀಪದ ಬೇರು ಅತ್ತಿಗೆ, ನಮ್ಮಂಥೋರು ಮದುವೇಲೂ ಕಾಣಲ್ಲ.”

ನವಾಲೇಕಾ ಕ್ಯಾಪ್ಟನ್‌ನ ಹಳ್ಳಿ, ಫಿಜಿಯ ಮೂಲನಿವಾಸಿಗಳದು. ದೇವ್‌ರಾಜಿ ಚಪ್ಪರದ ಕಂಬ ಹಿಡಿದುಕೊಂಡಳು.

“ಏನಂದ್ರು ಬಂದೋರು?”

“ಅವರ ಭಾಷೇಲಿ ಉದ್ದಕ್ಕೆ ಏನೋ ಹೇಳಿದ್ರು. ನೆಲಕ್ಕೆ ತಲೆ ತಗ್ಗಿಸಿಕೊಂಡು ಕೂತಿದ್ರು, ಪಾಪ.”

“ಬುಲುಬುಲು ಅಂದ್ರಾ?”

ಯಾರೋ ಕೆಮ್ಮಿದರು. ಮುನ್‌ಸಾಮಿ ಬಟಾಣಿ ಎಣಿಸತೊಡಗಿದ. ಶಿವಚರಣ ತಲೆ ಕೆರೆದುಕೊಂಡ. “ಅಂದಿರ್ಬೇಕು. ಒಂದೆರಡು ಸಲ.”

“ನೀನೇನು ಮಾಡಿದೆ?”

“ಬಾಗಿಲಿಗೆ ಬಂದ ನಂಗೋನಾನ ಬೇಡ ಅನ್ನೋಕಾಗುತ್ತಾ? ಹಿರಿಯ ಗಂಡಸು ನಾನೇ ಅಲ್ವಾ ಮನೇಲಿ. ಕಟ್ಟು ಮುಟ್ಟಿದೆ, ಚಪ್ಪಾಳೆ ತಟ್ಟಿದೆ, ವಿನಾಕಾ, ದೊಡ್ಡ ಉಪಕಾರ ಅಂದೆ. ಆಮೇಲೆ ಎಲ್ಲರೂ ಸೇರಿ ಕಲೆಸಿದ್ವಿ.”

ಬುಲು ಎಂದರೆ ಹೂಳು. ತಪ್ಪು ಮಾಡಿದ ಕಡೆಯವರು ನಂಗೋನದ ಕಟ್ಟು ಹೊತ್ತು ಬಂದು ತಲೆ ತಗ್ಗಿಸಿ ಕೂರುತ್ತಾರೆ; ನೊಂದ ಕಡೆಯವರು ಆ ಕಟ್ಟನ್ನು ಮುಟ್ಟಿದರೆ ತಪ್ಪು ಮಣ್ಣಾಯಿತು. ಆಮೇಲೆ ಅದನ್ನು ಎತ್ತಿದವನೇ ಕೆಟ್ಟವನು. ಒಳ್ಳೆಯ ಪದ್ಧತಿ, ಎಷ್ಟೋ ಊರಜಗಳಗಳನ್ನು ತಣ್ಣಗೆ ಮಾಡಿದ ಪದ್ಧತಿ. ನಾಲ್ಕು ತಲೆಮಾರಿನಿಂದ ಇದೇ ಮಣ್ಣಿನಲ್ಲಿ ಕಬ್ಬು ಕಡಿದವರಿಗೆ ಇದು ತಿಳಿಯದ ಸಂಗತಿಯೇ? ತಿಳಿದಿತ್ತು. ಚೆನ್ನಾಗಿ ತಿಳಿದಿತ್ತು. ಬೇರಿನ ಘಮಕ್ಕೆ ಒಂದು ಕಣ್ಣು ಮುಚ್ಚಿದರು, ಅಂಜಿಕೆಗೆ ಇನ್ನೊಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದನ್ನು ಕೇಳಿದ್ದೇವೆ. ಇಲ್ಲಿ ಬೂಟು ಬಿದ್ದದ್ದು ಒಬ್ಬಳ ಬೆನ್ನಿಗೆ, ಉದಾರವಾಗಿ ಕ್ಷಮಿಸಿದವರು ಇಪ್ಪತ್ತೊಂದು ಗಂಡಸರು.

“ನನ್ನ ಬೆನ್ನನ್ನೇ ಕುಡಿದುಬಿಟ್ರಲ್ಲೋ,” ಎಂದಳು ದೇವ್‌ರಾಜಿ. “ನನ್ನ ಕೈಬೆರಳನ್ನ ಕಿವುಚಿ ಸೋಸಿ ಕುಡಿದ್ರಲ್ಲೋ!”

“ಅತ್ತಿಗೆ, ಕೂಗಬೇಡಿ. ಒಳ್ಳೇದಕ್ಕೇ ಆಯ್ತು. ಅಷ್ಟು ದೊಡ್ಡೋರು ತಾವಾಗೇ ಬಗ್ಗಿ ಬಂದ್ರಲ್ಲ, ಇನ್ನೇನು ಬೇಕು? ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರೆ.”

“ದೊಣ್ಣೆ ತಪ್ಪಲಿಲ್ಲ ಚರಣ. ನನ್ನ ಮೇಲೇ ಬಿತ್ತು. ತಪ್ಪಿಸ್ಕೊಂಡೋನು ನೀನು.”

ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ ಹೇಳಿದರು: “ತಾಕಿ.”

ಬೇಸಿನ್ನು ಒದೆಯಲು ಅವಳ ಕಾಲು ಎದ್ದೇ ಬಿಟ್ಟಿತ್ತು. ಒದ್ದರೆ ಏನಾಗುತ್ತದೆ? ನೀರು ಚೆಲ್ಲುತ್ತದೆ, ಟೀಚರ್‌ಗೆ ತಲೆ ಕೆಟ್ಟಿದೆ ಎಂದು ನಗುತ್ತಾರೆ, ಇನ್ನೊಂದು ಬಕೆಟ್ ತಂದು ಕಲೆಸುತ್ತಾರೆ. ಅವಳು ಕಾಲು ಕೆಳಗಿಟ್ಟಳು. ಹಳೆಯ ಅಭ್ಯಾಸದಂತೆ ಎಡಗಡೆಯಿಂದ ಬಲಕ್ಕೆ ಒಂದೊಂದೇ ಮುಖ ನೋಡುತ್ತ ಹೋದಳು. ಅರ್ಧ ಜನ ಅವಳ ಕೈಯಲ್ಲೇ ಅಕ್ಷರ ಕಲಿತವರು. ಒಬ್ಬರೂ ಕಣ್ಣೆತ್ತಲಿಲ್ಲ.

ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಕ್ಯಾಂಪಿನಲ್ಲೂ ಅವಳು ಅತ್ತಿರಲಿಲ್ಲ. ಆಮೇಲೆ ಮುಖ ತೊಳೆದು, ಒಂದು ಕಾಗದ ತೆಗೆದು, ಎಡಗೈಯಲ್ಲಿ ಸೊಟ್ಟಸೊಟ್ಟಗೆ ಇಪ್ಪತ್ತೊಂದು ಹೆಸರು ಬರೆದಳು. ಯಾಕೆ ಬರೆಯುತ್ತಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ. ಕೊನೆಯ ಹೆಸರು ಮುನ್‌ಸಾಮಿಯದು. ಬರೆದು ಮುಗಿಯುವ ಹೊತ್ತಿಗೆ ತಲೆ ತಿಳಿಯಾಗಿತ್ತು. ಅಸೇನದಾಗೆ ಫೋನ್ ಮಾಡಿದಳು.

ಸುದ್ದಿ ಕೇಳಿದ ವಕೀಲೆ ತನ್ನ ಭಾಷೆಯಲ್ಲಿ ಕೆಟ್ಟದಾಗಿ ಬೈದಳು. “ಮುಗೀತು ಟೀಚರ್. ನಾನೂ ಅದೇ ಪದ್ಧತಿಯಲ್ಲಿ ಹುಟ್ಟಿದೋಳು. ಸೋಮವಾರ ಪೊಲೀಸ್ ಪ್ರಾಸಿಕ್ಯೂಟರ್ ಎದ್ದು ನಿಂತು ರಾಜಿ ಆಯ್ತು ಅಂತಾನೆ, ಮ್ಯಾಜಿಸ್ಟ್ರೇಟ್ ಫೈಲು ಮುಚ್ತಾನೆ. ಇದೇ ಕೆಲಸಕ್ಕೇ ಕಳಿಸಿರೋದು ಆ ಕಟ್ಟನ್ನ. ಆ ಕ್ಯಾಪ್ಟನ್ ತಾನೇ ಬಂದಿದ್ನಾ?”

“ಇಲ್ಲ.”

“ಬರಲ್ಲ ನಾಯಿ. ಬುಲುಬುಲುಗೆ ತಪ್ಪು ಮಾಡಿದೋನು ತಾನೇ ಬಂದು ತಲೆ ತಗ್ಗಿಸ್ಬೇಕು.”

“ಅಸೇನದಾ, ಒಂದು ಮಾತು ಕೇಳ್ತೀನಿ,” ಎಂದಳು ದೇವ್‌ರಾಜಿ. “ಅಂಥ ಯಾವ ಹೆಂಗಸೂ ಕ್ಯಾಂಪಿಗೆ ಬಂದೇ ಇಲ್ಲ ಅಂತ ಪೇಪರಲ್ಲಿ ಹಾಕಿಸಿದ್ರಲ್ಲ. ಮತ್ತೆ ಇವತ್ತು ಕ್ಷಮೆ ಕೇಳಿದ್ದು ಯಾವ ಹೆಂಗಸಿಗೆ?”

ಆ ಕಡೆಯಿಂದ ನಗು ಕೇಳಿಸಿತು, ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡಿದ್ದರು! ಕ್ಷಮೆ ಕೇಳಿದರು ಎಂದರೆ ಹೊಡೆದದ್ದು ನಿಜ. ಹೊಡೆಯಲೇ ಇಲ್ಲ ಎಂದರೆ ಹೂಳಲು ಅಲ್ಲಿ ಏನೂ ಇಲ್ಲ, ರಾಜಿಯೂ ಇಲ್ಲ.

“ಕುಡಿದೋರ ಹೆಸರು ಬೇಕು ಟೀಚರ್. ಒಬ್ಬೊಬ್ಬರದೂ.”

“ಹಾಜರಿ ತಗೊಂಡಿದ್ದೀನಿ,” ಎಂದಳು ದೇವ್‌ರಾಜಿ.

ಭಾನುವಾರವೆಲ್ಲ ಅವಳೊಳಗೆ ಒಂದು ಆಸೆ ಕೂತಿತ್ತು. ನಾಚಿಕೆಯಾಗುವಂಥ ಆಸೆ. ಸುಮ್ಮನೆ ಕರೆದರೆ ಬರದವರು, ಕಟಕಟೆಯಲ್ಲಿ ನಿಲ್ಲಿಸಿ ಕೇಳಿದರೆ ಹೇಳಿಯಾರು. ಚರಣ ಹೇಳಿಯಾನು. ಎತ್ತಿಕೊಂಡು ಬಂದವನು, ಅತ್ತವನು, ಅವನಾದರೂ ಹೇಳಿಯಾನು.

ಸೋಮವಾರ ಕೋರ್ಟಿಗೆ ಶಿವಚರಣ, ಮುನ್‌ಸಾಮಿ, ಇನ್ನಿಬ್ಬರು ಪೊಲೀಸ್ ಜೀಪಿನಲ್ಲೇ ಬಂದಿಳಿದರು. ರಾಜಿ ಒಪ್ಪಿಕೊಂಡೆವು ಎಂದು ಹೇಳಿಸಲು ಪೊಲೀಸರೇ ಕರೆತಂದಿದ್ದರು. ನಾಲ್ವರದೂ ಇಸ್ತ್ರಿ ಮಾಡಿದ ಬುಶ್ ಶರಟು, ಎಣ್ಣೆ ಹಚ್ಚಿ ಬಾಚಿದ ತಲೆ. ಕ್ಯಾಪ್ಟನ್ ಬಂದಿರಲಿಲ್ಲ. ಅವನ ಬದಲು ಬಾಗಿಲ ಬಳಿಯ ಬೆಂಚಿನಲ್ಲಿ ಕಪ್ಪು ಕನ್ನಡಕದವನೊಬ್ಬ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಅವನು ಯಾರೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ನಮ್ಮ ಮ್ಯಾಜಿಸ್ಟ್ರೇಟರು ಅರ್ಧಕ್ಕರ್ಧ ಕೆಲಸ ಬಿಟ್ಟೋ ಬಿಡಿಸಿಕೊಂಡೋ ಹೋದ ಮೇಲೆ ಸರ್ಕಾರ ಹೊರದೇಶದಿಂದ ಕೆಲವರನ್ನು ಕರೆಸಿಕೊಂಡಿತ್ತು. ಇವನು ಅಂಥವನು, ಬಂದು ನಾಲ್ಕು ತಿಂಗಳಾಗಿತ್ತು. ಪ್ರಾಸಿಕ್ಯೂಟರ್ ಎದ್ದು, ಎರಡೂ ಕಡೆಯವರು ಬುಲುಬುಲು ಮಾಡಿಕೊಂಡಿದ್ದಾರೆ, ದೂರು ಮುಚ್ಚಬಹುದು ಎಂದ.

“ಅದೇನದು?” ಎಂದು ಮ್ಯಾಜಿಸ್ಟ್ರೇಟ್ ಕೇಳಿದ. ಊರಿನವನಾಗಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಪ್ರಾಸಿಕ್ಯೂಟರ್ ವಿವರಿಸಿದ. ಅಸೇನದಾ ಎದ್ದಳು: ಕಟ್ಟು ಬಂದಾಗ ನನ್ನ ಕಕ್ಷಿದಾರಳು ಮನೆಯಲ್ಲಿರಲಿಲ್ಲ, ಯಾರು ಏನನ್ನು ಒಪ್ಪಿಕೊಂಡರೋ ಅವರನ್ನೇ ಕೇಳಬೇಕು.

ಶಿವಚರಣ ಕಟಕಟೆ ಹತ್ತಿದ. ಮಂಗಳವಾರ ಮಂಗಳವಾರ ಭಜನಾ ಮಂಡಳಿಯಲ್ಲಿ ಕೂತು ತಾನು ರಾಗವಾಗಿ ಹಾಡುವ ರಾಮಾಯಣವನ್ನು ಮುಟ್ಟಿ ಪ್ರಮಾಣ ಮಾಡಿದ. ಹೌದು, ಕಟ್ಟು ಬಂತು. ಹೌದು, ಮುಟ್ಟಿದೆ. ಹೌದು, ಎಲ್ಲರೂ ಕುಡಿದೆವು. ಪ್ರಾಸಿಕ್ಯೂಟರ್ ತೃಪ್ತನಾಗಿ ಕೂತ.

“ನಿಮ್ಮ ಹತ್ತಿರ ಕ್ಷಮೆ ಕೇಳಿದ್ರು ಅಲ್ವಾ?” ಎಂದಳು ಅಸೇನದಾ, ಬಹಳ ಮೆತ್ತಗೆ.

“ಹೂಂ ಮೇಡಂ.”

“ಯಾವ ತಪ್ಪಿಗೆ?”

ಶಿವಚರಣನ ಕಣ್ಣು ಬಾಗಿಲ ಬಳಿಯ ಬೆಂಚಿಗೆ ಹೋಗಿ ಬಂತು. ಪ್ರಾಸಿಕ್ಯೂಟರ್ ಅರ್ಧ ಎದ್ದ. ಮ್ಯಾಜಿಸ್ಟ್ರೇಟ್ ಕೈ ಸನ್ನೆ ಮಾಡಿ ಅವನನ್ನು ಕೂರಿಸಿ, “ನನಗೂ ಅದು ತಿಳಿಯಬೇಕು. ಹೇಳಿ,” ಎಂದ.

ದೇವ್‌ರಾಜಿ ಮುಂದಿನ ಬೆಂಚಿನಲ್ಲಿ ಮಡಚದ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೂತಿದ್ದಳು. ಹೇಳೋ ಚರಣ. ಒಂದೇ ಒಂದು ಸಲ ಹೇಳೋ.

“ತಪ್ಪಾ? ತಪ್ಪು ಅಂತ ಏನಿಲ್ಲ ಸರ್,” ಎಂದ ಶಿವಚರಣ.

“ಮತ್ತೆ ಅವರು ಬಂದದ್ದು?”

“ನಂಗೋನ ಕುಡಿಯೋಕೆ ಸರ್. ನೆರೆಹೊರೆಯೋರು. ಬರ್ತಾ ಇರ್ತಾರೆ.”

“ಕ್ಷಮೆ?”

“ಅವರ ಭಾಷೆ ನಂಗೆ ಅಷ್ಟಾಗಿ ತಿಳಿಯಲ್ಲ ಸರ್. ಏನೋ ಅಂದ್ರು.”

“ನಿಮ್ಮ ಅತ್ತಿಗೆಯ ಮೇಲೆ ಯಾರಾದರೂ ಕೈ ಮಾಡಿದರೇ?”

“ಗೊತ್ತಿಲ್ಲ ಸರ್.”

“ಆಕೆಯ ಬೆರಳು?”

ಶಿವಚರಣ ಅವಳ ಕಡೆ ನೋಡದೆ ಹೇಳಿದ. “ವಯಸ್ಸಾಗಿದೆ ಸರ್. ಎಲ್ಲೋ ಬಿದ್ದಿರ್ಬೇಕು.”

ಮುನ್‌ಸಾಮಿ ಬಂದ. ಅವತ್ತು ಬಟಾಣಿ ಹುರೀತಿದ್ದೆ, ಹೊಗೆ ಕಣ್ಣಿಗೆ ಬರ್ತಿತ್ತು ಎಂದ. ಕ್ಷಮೆಯ ಮಾತೇ ಕೇಳಿಲ್ಲ ಎಂದ. ಮೂರನೆಯವನು ತಾನು ಚಪ್ಪರಕ್ಕೆ ತಡವಾಗಿ ಹೋದೆ ಎಂದ. ನಾಲ್ಕನೆಯವನು ಅವಳ ವಿದ್ಯಾರ್ಥಿ. ಅವನಿಗೆ ದೇವ್‌ರಾಜಿ ಟೀಚರ್ ಯಾರೆಂದೇ ತಟ್ಟನೆ ನೆನಪಾಗಲಿಲ್ಲ.

ಮ್ಯಾಜಿಸ್ಟ್ರೇಟ್ ಕನ್ನಡಕ ತೆಗೆದು ಒರೆಸಿಕೊಂಡ. “ತಪ್ಪೇ ನಡೆದಿಲ್ಲ ಎಂದು ನಾಲ್ಕೂ ಜನ ಹೇಳುತ್ತಾರೆ. ಹಾಗಾದರೆ ಹೂತಿದ್ದು ಏನನ್ನು? ರಾಜಿಯನ್ನು ನಾನು ದಾಖಲು ಮಾಡುವುದಿಲ್ಲ. ದೂರು ನಡೆಯಲಿ. ದೂರುದಾರರು ತಮ್ಮ ಸಾಕ್ಷಿಗಳನ್ನು ಹದಿನೇಳನೇ ತಾರೀಕು ಹಾಜರುಪಡಿಸಲಿ.” ಗುಮಾಸ್ತ ಕ್ಯಾಪ್ಟನ್‌ನ ಹೆಸರನ್ನು ಗಟ್ಟಿಯಾಗಿ ಓದಿ ಕಾಗದಕ್ಕೆ ಇಳಿಸಿದ. ಕಪ್ಪು ಕನ್ನಡಕದವನು ಎದ್ದು ಹೊರಗೆ ಹೋದ.

“ಗೆದ್ವಿ ಟೀಚರ್,” ಎಂದು ಅಸೇನದಾ ಅವಳ ಭುಜ ಹಿಂಡಿದಳು. ದೇವ್‌ರಾಜಿ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ಕೇಸು ಉಳಿದದ್ದು ಯಾರ ಸತ್ಯದಿಂದಲೂ ಅಲ್ಲ. ಅವಳ ಮನೆಯವನೇ ರಾಮಾಯಣ ಮುಟ್ಟಿ, ನಿನಗೆ ಏನೂ ಆಗಿಲ್ಲ ಎಂದು ಹೇಳಿದ್ದರಿಂದ ಉಳಿದಿತ್ತು. ಕ್ಯಾಂಪಿನಲ್ಲಿ ತುಳಿದವರಿಗಾದರೂ ತುಳಿಯುತ್ತಿದ್ದೇವೆ ಎಂಬುದು ಗೊತ್ತಿತ್ತು.

ಹೊರಗೆ ಮೆಟ್ಟಿಲ ಬಳಿ ಶಿವಚರಣ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಅವಳನ್ನು ಕಂಡು ಮುಖ ಅರಳಿಸಿದ. ಅಷ್ಟು ಹೊತ್ತಿಗಾಗಲೇ ಅವನು ತನಗೊಂದು ಕತೆ ಕಟ್ಟಿಕೊಂಡಿದ್ದ.

“ನೋಡಿದ್ರಾ ಅತ್ತಿಗೆ? ನಿಮ್ಮ ಕೇಸು ಉಳಿಸಿಕೊಟ್ವಿ. ರಾಜಿ ಆಗಿಲ್ಲ ಅಂತ ಹೆಂಗೆ ಹೇಳಿದೆ! ಸಂಜೆ ಬನ್ನಿ, ಆ ಬೇರು ಇನ್ನೂ ಅರ್ಧ ಕಟ್ಟು ಮಿಕ್ಕಿದೆ.”

ದೇವ್‌ರಾಜಿ ಚೀಲದಿಂದ ಇಪ್ಪತ್ತೊಂದು ಹೆಸರಿನ ಆ ಕಾಗದ ತೆಗೆದಳು. “ಚರಣ, ಮೂವತ್ತೆರಡು ವರ್ಷ ಹಾಜರಿ ಕರೆದಿದ್ದೀನಿ. ಬಾರದ ಮಕ್ಕಳನ್ನ ನೋಡಿದ್ದೀನಿ, ಬಂದು ನಿದ್ದೆ ಹೊಡೆಯೋ ಮಕ್ಕಳನ್ನ ನೋಡಿದ್ದೀನಿ. ಹೆಸರು ಕರೆದಾಗ ತಾನೇ ಎದ್ದು ನಿಂತು ‘ನಾನು ಬಂದಿಲ್ಲ ಟೀಚರ್’ ಅನ್ನೋ ಮಕ್ಕಳನ್ನ ಇವತ್ತೇ ನೋಡಿದ್ದು.”

“ಅತ್ತಿಗೆ...”

“ಅವತ್ತು ರಸ್ತೆಯಿಂದ ನನ್ನ ಎತ್ಕೊಂಡು ಬಂದೋನು ಯಾರೋ ಬೇರೆಯೋನು ಇರ್ಬೇಕು ಬಿಡು. ನಾನು ಎಲ್ಲೋ ಬಿದ್ದಿದ್ದೆ, ಸರಿಯಾಗಿ ನೋಡಲಿಲ್ಲ.”

ಅವಳು ಬಸ್ಸು ಹಿಡಿಯಲು ಹೋದಳು.

ಶುಕ್ರವಾರ ಹತ್ತಕ್ಕೆ ದೇವ್‌ರಾಜಿ ಮತ್ತೆ ಬಸ್ ಸ್ಟ್ಯಾಂಡಿನ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಹೊಸ ರಟ್ಟು, ಎಡಗೈಯ ಸೊಟ್ಟ ಅಕ್ಷರ, ಅದೇ ಪ್ರಶ್ನೆ. ಬಸ್ಸುಗಳು ಬಂದವು, ಹೋದವು. ಜನ ಅವಳನ್ನು ಕಂಬ ಬಳಸಿದ ಹಾಗೆ ಬಳಸಿ ನಡೆದರು. ಎರಡು ಮಾರು ಆಚೆ ಮುನ್‌ಸಾಮಿಯ ಗಾಡಿ ನಿಂತಿತ್ತು. ಅವನು ಅವಳ ಕಡೆ ನೋಡದೆ ಒಂದು ಗಂಟೆ ಬಟಾಣಿ ಹುರಿದ. ಆಮೇಲೆ ಒಂದು ಪೊಟ್ಟಣ ಕಟ್ಟಿ, ಅತ್ತಿತ್ತ ನೋಡಿ, ಸರಸರನೆ ಬಂದು ಅವಳ ಪಕ್ಕದ ಕಟ್ಟೆಯ ಮೇಲಿಟ್ಟ.

“ತಿನ್ನಿ ಟೀಚರ್. ಬಿಸಿ ಇದೆ,” ಎಂದ ಗೋಡೆಗೆ ಹೇಳುವವನಂತೆ.

“ಎತ್ಕೋ.”

“ಟೀಚರ್, ಅದು... ಸುಮ್ನೆ ತಂದೆ.”

“ನಿಮ್ಮಿಂದಲೇ ಕಲಿತಿದ್ದು ಮುನ್‌ಸಾಮಿ. ಮುಟ್ಟಿದ್ರೆ ಒಪ್ಪಿದ ಹಾಗೆ.” ಅವಳು ಫಲಕವನ್ನು ಇನ್ನಷ್ಟು ಮೇಲೆತ್ತಿ ಹಿಡಿದಳು. “ಹದಿನೇಳನೇ ತಾರೀಕು ಕೋರ್ಟಿಗೆ ತಗೊಂಡು ಬಾ. ಅಲ್ಲಿ ತಿಂತೀನಿ.”

ಮುನ್‌ಸಾಮಿ ಪೊಟ್ಟಣ ಎತ್ತಿಕೊಂಡ. ಗಾಡಿಯ ಕಡೆ ಹೋಗಲಿಲ್ಲ. ಬಾಣಲೆಯಲ್ಲಿ ಬಟಾಣಿ ಸೀಯತೊಡಗಿತು, ಹೊಗೆ ಎದ್ದಿತು, ಅವನು ಬಿಸಿ ಪೊಟ್ಟಣವನ್ನು ಕೈಯಿಂದ ಕೈಗೆ ಬದಲಿಸುತ್ತ ಅಲ್ಲೇ ನಿಂತಿದ್ದ.